ಅಪ್ಪ–ಅಮ್ಮ ಇಬ್ಬರಿಗೂ ಶುಗರ್, ನನಗೆ?

ಪ್ರಶ್ನೆ: ನನಗೆ 36. ಅಂಗಡಿಯಲ್ಲಿ ದಿನವಿಡೀ ಕೂತೇ ಕೆಲಸ. ತಂದೆ ತಾಯಿ ಇಬ್ಬರಿಗೂ ಶುಗರ್. ‘ಹಣೆಬರಹ, ತಪ್ಪಿಸಲಿಕ್ಕಾಗುವುದಿಲ್ಲ’ ಅನ್ನುತ್ತಾರೆ ಮಾವ. ‘ಬಾಯಿ ಕಟ್ಟಿದರೆ ಬರುವುದೇ ಇಲ್ಲ’ ಅನ್ನುತ್ತಾಳೆ ಹೆಂಡತಿ. ಯಾರ ಮಾತು ಕೇಳಲಿ? — ಓದುಗರು, ಉಡುಪಿ

ಉತ್ತರ: ಲೆಕ್ಕ ನೋಡಿ. ಶುಗರ್‌ನ ಹೊಸ್ತಿಲಲ್ಲಿದ್ದ (ಸಕ್ಕರೆ ಮಾಮೂಲಿಗಿಂತ ಹೆಚ್ಚು, ಆದರೆ ಇನ್ನೂ ಕಾಯಿಲೆಯಲ್ಲ) 531 ಮಂದಿಯ ಮೇಲೆ ಚೆನ್ನೈಯಲ್ಲಿ ನಡೆದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಮಾಮೂಲಿ ಸಲಹೆ ಮಾತ್ರ ಪಡೆದವರಲ್ಲಿ ಮೂರು ವರ್ಷದೊಳಗೆ ನೂರಕ್ಕೆ 55 ಮಂದಿಗೆ ಕಾಯಿಲೆ ಬಂತು. ಊಟ, ನಡಿಗೆ ತಿದ್ದಿಕೊಂಡವರಲ್ಲಿ 39. ನಡುವಿನ ಆ 16 ನಮ್ಮ ಕೈಯಲ್ಲಿರುವ ಪಾಲು, ಸಣ್ಣದೇನಲ್ಲ. ಆದರೆ ಎಲ್ಲ ಪಾಲಿಸಿಯೂ ಕಾಯಿಲೆ ಬಂದವರಿದ್ದಾರಲ್ಲ, ಅವರಿಗೆ ‘ನೀನೇ ತಂದುಕೊಂಡದ್ದು’ ಅನ್ನುವುದು ಅನ್ಯಾಯ.

ಹುಟ್ಟಿನಿಂದ ಬಂದದ್ದಕ್ಕೆ ನೀವು ಕೊಡಬಹುದಾದ ಉತ್ತರವೆಂದರೆ ಬೇಗ ಪರೀಕ್ಷೆ. ಎಂಟು ಗಂಟೆ ಬರಿಹೊಟ್ಟೆಯಲ್ಲಿದ್ದು ರಕ್ತ ಕೊಡಿ. ನೀರು ಆಗಬಹುದು, ಚಾ ಬೇಡ. ಸಕ್ಕರೆ ಡೆಸಿಲೀಟರ್‌ಗೆ 100 ಮಿ.ಗ್ರಾಂ ಒಳಗಿದ್ದರೆ ಸರಿ, 125ರವರೆಗೆ ಹೊಸ್ತಿಲು, 126 ಅಥವಾ ಮೇಲೆ ಬಂದರೆ ಇನ್ನೊಮ್ಮೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುವುದನ್ನೂ ಕೇಳಿ ಮಾಡಿಸಿಕೊಳ್ಳಿ. ಬರಿಹೊಟ್ಟೆಯಲ್ಲಿ ಸರಿಯಿದ್ದು ಇದರಲ್ಲಿ ಹೊಸ್ತಿಲಾದ 140 ದಾಟುವವರಿದ್ದಾರೆ. ಎಚ್‌ಬಿಎ1ಸಿ (ಎರಡು–ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಶೇ 5.7ರಿಂದ 6.4 ಇದ್ದರೂ ಹೊಸ್ತಿಲೇ, ಆದರೆ ರಕ್ತಹೀನತೆ ಇದ್ದರೆ ಅದೊಂದನ್ನೇ ನಂಬಬೇಡಿ.

ಹೊಟ್ಟೆಯ ಸುತ್ತಳತೆ ಗಂಡಸರಿಗೆ 90 ಸೆಂ.ಮೀ. ಮೀರಬಾರದು. ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಗೂ ನಡುವೆ ಟೇಪು ಹಿಡಿಯಿರಿ. ಪ್ಯಾಂಟಿನ ಸೈಜು ಸುಳ್ಳು ಹೇಳುತ್ತದೆ, ಬೆಲ್ಟು ಹೊಟ್ಟೆಯ ಕೆಳಗೆ ಜಾರಿರುತ್ತದೆ.

ವಾರಕ್ಕೆ 150 ನಿಮಿಷ ಬಿರುಸು ನಡಿಗೆ ಬೇಕು. ನಮ್ಮ ಕಡೆ ಎಡವುವುದು ಮಳೆಗಾಲದಲ್ಲಿ: ಜೂನ್‌ನಲ್ಲಿ ನಿಂತ ವಾಕಿಂಗ್ ದೀಪಾವಳಿಗೂ ಶುರುವಾಗುವುದಿಲ್ಲ. ಶೀಟ್ ಹಾಕಿದ ಅಂಗಳವೋ ಚಾವಡಿಯೋ ಸಾಕು. ಊಟದ ನಂತರ ಹತ್ತು ಹತ್ತು ನಿಮಿಷ ನಡೆದರೂ ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ: ಕುಚ್ಚಲಕ್ಕಿ ಉಂಡರೆ ಶುಗರ್ ಏರುವುದಿಲ್ಲವಂತೆ, ಹೌದಾ? — ಓದುಗರು, ಮಂಗಳೂರು

ಉತ್ತರ: ಏರುತ್ತದೆ. ಪಾಲಿಶ್ ಮಾಡದ ಕೆಂಪು ಕುಚ್ಚಲಕ್ಕಿಯಲ್ಲಿ ತೌಡು ಉಳಿದಿರುವುದರಿಂದ ಬೆಳ್ತಿಗೆಗಿಂತ (ಕುದಿಸದ ಬಿಳಿ ಅಕ್ಕಿಗಿಂತ) ನಿಧಾನವಾಗಿ, ಅಷ್ಟೆ. ತೂಕದ ಸುಮಾರು ಮುಕ್ಕಾಲು ಪಾಲು ಎರಡರಲ್ಲೂ ಪಿಷ್ಟವೇ. ಗಂಜಿಗೆ ಬರೀ ಉಪ್ಪಿನಕಾಯಿ ನೆಂಚಿಕೊಂಡರೆ ಎರಡು ಸೌಟು ಹೆಚ್ಚೇ ಇಳಿಯುತ್ತದೆ. ಪಕ್ಕದಲ್ಲಿ ಹೆಸರುಕಾಳಿನ ಪಲ್ಯವೋ ಬಂಗುಡೆಯೋ ಇರಲಿ, ಗಂಜಿ ಅರ್ಧಕ್ಕಿಳಿಯಲಿ. ನೀರುದೋಸೆಯಂತೂ ಬೆಳ್ತಿಗೆಯದ್ದೇ, ಆರು ತಿನ್ನುವವರು ಮೂರಕ್ಕೆ ಕೈ ತೊಳೆಯಿರಿ.