ಕ್ರಿಯಾನ್ ಮೊದಲು ಎಲ್ಲಿಗೆ ಹೋದ?

ನಮಸ್ಕಾರ.

ನಿಮ್ಮ ‘ಅಂತಿಗೊನೆ: ಅಹಂಕಾರದ ಅವನತಿ’ ಲೇಖನ ಓದಿದೆ. ಭಾಷೆ ಸಲೀಸಾಗಿದೆ. ಅಕ್ಷರ ತಪ್ಪುಗಳಿಲ್ಲ. ನಾಟಕ ಓದದವರಿಗೂ ಕಥೆ ತಿಳಿಯುತ್ತದೆ. ಹೊಗಳಿಕೆ ಇಲ್ಲಿಗೆ ಮುಗೀತು, ಬೇಜಾರು ಮಾಡ್ಕೋಬೇಡಿ. ಹೆಸರು ಬಿಟ್ಟು ಈ ಪತ್ರವನ್ನು ಎಲ್ಲರೂ ಓದಲಿ ಅಂತಲೇ ಹಾಕುತ್ತಿದ್ದೇನೆ. ಯಾಕೆಂದರೆ ನಿಮ್ಮ ಕೊನೆಯ ಪುಟದಲ್ಲಿರುವಂಥ ವಾಕ್ಯ ನನ್ನ ಮೇಜಿಗೆ ಆಗಾಗ ಬರುತ್ತಲೇ ಇರುತ್ತದೆ.

ಆ ವಾಕ್ಯ ಇದು: “ಕೊನೆಯವರೆಗೂ ಹಠ ಬಿಡದ ಕ್ರಿಯಾನ್, ವಿಧಿಯಾಟದಿಂದ ಮಗ, ಭಾವೀ ಸೊಸೆ, ಹೆಂಡತಿ ಮೂವರನ್ನೂ ಕಳೆದುಕೊಳ್ಳುತ್ತಾನೆ.”

ಓದುಗರಿಗಾಗಿ ಕಥೆ ಎರಡು ಮಾತಲ್ಲಿ ಹೇಳುತ್ತೇನೆ. ಗ್ರೀಕ್ ನಾಟಕಕಾರ ಸೋಫೋಕ್ಲಿಸ್ ‘ಅಂತಿಗೊನೆ’ ನಾಟಕ ಬರೆದದ್ದು ಕ್ರಿ.ಪೂ. 441ರ ಆಸುಪಾಸು. ಈಡಿಪಸ್‌ನ ಗಂಡುಮಕ್ಕಳಿಬ್ಬರು ಥೀಬ್ಸ್ ಪಟ್ಟಣಕ್ಕಾಗಿ ಹೊಡೆದಾಡಿ ಒಬ್ಬರನ್ನೊಬ್ಬರು ಕೊಂದಿದ್ದಾರೆ. ಅವರ ಸೋದರಮಾವ ಕ್ರಿಯಾನ್ ಈಗ ದೊರೆ. ಅವರಿಬ್ಬರಲ್ಲಿ ಊರಿನ ಮೇಲೆ ದಂಡು ತಂದ ಪಾಲಿನೈಸಿಸ್‌ನ ಹೆಣವನ್ನು ಯಾರೂ ಮಣ್ಣು ಮಾಡಬಾರದು ಎಂದು ಅವನ ಅಪ್ಪಣೆ. ತಂಗಿ ಅಂತಿಗೊನೆ ಅಪ್ಪಣೆ ಮೀರುತ್ತಾಳೆ. ಅವಳು ಕ್ರಿಯಾನ್‌ನ ಮಗ ಹೈಮನ್‌ಗೆ ಗೊತ್ತಾದ ಹುಡುಗಿ.

ಈಗ ನಿಮ್ಮ ವಾಕ್ಯಕ್ಕೆ ಬರೋಣ. “ಕೊನೆಯವರೆಗೂ ಹಠ ಬಿಡದ.” ನಾಟಕ ಓದಿದ್ದೀರಿ, ಅಲ್ವಾ? ಅಂತಿಗೊನೆಯ ಒಡಹುಟ್ಟಿದವಳಾದ ಇಸ್ಮೀನಳನ್ನೂ ಕೊಲ್ಲಿಸುತ್ತೇನೆ ಎನ್ನುತ್ತಾನೆ. ಇಬ್ಬರನ್ನೂ ಕೊಲ್ಲುತ್ತೀಯಾ ಎಂದು ಊರ ಹಿರಿಯರ ಮೇಳ (ರಂಗದ ಮೇಲಿದ್ದು ಹಾಡುವ, ಮಾತಾಡುವ ಗುಂಪು) ಒಂದು ಪ್ರಶ್ನೆ ಕೇಳಿದ್ದೇ ತಡ, ಅವಳನ್ನು ಬಿಟ್ಟುಬಿಡುತ್ತಾನೆ. ಅಪ್ಪಣೆ ಮೀರಿದವರನ್ನು ಊರ ಮುಂದೆ ಕಲ್ಲು ಹೊಡೆದು ಸಾಯಿಸಬೇಕೆಂದು ಮೊದಲು ಇದ್ದದ್ದು. ಅದನ್ನೂ ಬದಲಿಸುತ್ತಾನೆ. ಹುಡುಗಿಯನ್ನು ಗುಹೆಯಲ್ಲಿಟ್ಟು ಮುಚ್ಚಿ, ಒಂದಿಷ್ಟು ಅನ್ನವನ್ನೂ ಇಡಿಸುತ್ತಾನೆ. ಊರಿಗೆ ಮೈಲಿಗೆ ತಟ್ಟಬಾರದಲ್ಲ! ಆಮೇಲೆ ಕುರುಡ ಕಣಿಗಾರ ಟೈರೀಸಿಯಸ್ ಬಂದು ಎಚ್ಚರಿಸಿದಾಗ, ದುಡ್ಡಿಗೆ ಮಾರಿಕೊಂಡವನು ಎಂದು ಮೊದಲು ಬೈಯುತ್ತಾನೆ. ಮುದುಕ ಹೋದ ಮೇಲೆ ನಡುಗುತ್ತಾನೆ. ‘ಏನು ಮಾಡಲಿ ಹೇಳಿ, ನೀವು ಹೇಳಿದ ಹಾಗೆ ಕೇಳುತ್ತೇನೆ’ ಎಂದು ಮೇಳವನ್ನೇ ಕೇಳುತ್ತಾನೆ. ಹಠಮಾರಿ ಹೀಗೆ ಕೇಳುತ್ತಾನಾ? ಬಾಯಲ್ಲಿ ಮಾತ್ರ ಗಟ್ಟಿ, ಒಳಗೆ ಪುಕ್ಕಲ. ಹೊಸದಾಗಿ ಅಧಿಕಾರಕ್ಕೆ ಬಂದವನು. ಹೆಂಗಸಿಗೆ ಸೋತೆ ಅನ್ನಿಸಿಕೊಳ್ಳೋದು ಅವನಿಗೆ ಸಾವಿಗಿಂತ ಜಾಸ್ತಿ.

ಮುಂದಿನದು ನಿಮ್ಮ “ವಿಧಿಯಾಟ.” ನನಗೆ ನಿಜಕ್ಕೂ ಸಿಟ್ಟು ಬಂದದ್ದು ಇಲ್ಲಿ.

ಮೇಳ ಕ್ರಿಯಾನ್‌ಗೆ ಹೇಳುವ ಮಾತನ್ನು ಮತ್ತೆ ತೆಗೆದು ನೋಡಿ. ಹೋಗು, ಮೊದಲು ಹುಡುಗಿಯನ್ನು ಗುಹೆಯಿಂದ ಬಿಡಿಸು, ಬಯಲಲ್ಲಿ ಬಿದ್ದವನಿಗೆ ಸಮಾಧಿ ಕಟ್ಟು. ಆದಷ್ಟು ಬೇಗ. ಕ್ರಿಯಾನ್ ಒಪ್ಪುತ್ತಾನೆ. ಕಟ್ಟಿದವನು ನಾನೇ, ಬಿಚ್ಚುವವನೂ ನಾನೇ ಎಂದು ಹೊರಡುತ್ತಾನೆ. ಮೊದಲು ಎಲ್ಲಿಗೆ ಹೋಗುತ್ತಾನೆ? ಹೆಣದ ಹತ್ತಿರ! ದೇವರಲ್ಲಿ ಬೇಡಿಕೊಂಡು, ನಾಯಿಗಳು ಹರಿದು ಹಾಕಿದ ದೇಹವನ್ನು ತೊಳೆಸುತ್ತಾನೆ. ಹಸಿ ಕೊಂಬೆ ಕಡಿಸಿ, ಉಳಿದದ್ದನ್ನು ಸುಡಿಸಿ, ಮೇಲೆ ಎತ್ತರಕ್ಕೆ ಮಣ್ಣು ಪೇರಿಸುತ್ತಾನೆ. ಎಲ್ಲ ಶಾಸ್ತ್ರಬದ್ಧ. ಇಷ್ಟು ಮುಗಿಸಿ ಗುಹೆಯ ಕಡೆ ನಡೆಯುವಾಗ ದೂರದಿಂದ ಅಳು ಕೇಳಿಸುತ್ತದೆ, ಅದು ಮಗನ ದನಿ. ಒಳಗೆ ಅಂತಿಗೊನೆ ತೆಳು ಬಟ್ಟೆಯ ಕುಣಿಕೆಯಲ್ಲಿ ನೇತಾಡುತ್ತಿದ್ದಾಳೆ. ಹೈಮನ್ ಅವಳ ಸೊಂಟ ತಬ್ಬಿ ಅಳುತ್ತಿದ್ದಾನೆ.

ಅಂತಿಗೊನೆ ಯಾವ ಕೆಲಸಕ್ಕಾಗಿ ಜೀವ ಪಣಕ್ಕಿಟ್ಟಳೋ ಅದೇ ಕೆಲಸವನ್ನು ಕ್ರಿಯಾನ್ ಅಚ್ಚುಕಟ್ಟಾಗಿ ಮಾಡುತ್ತಾನೆ. ಮಾಡುತ್ತ ಕೂತದ್ದರಿಂದಲೇ ಅವಳನ್ನು ಕಳೆದುಕೊಳ್ಳುತ್ತಾನೆ. ಇದರಲ್ಲಿ ವಿಧಿ ಎಲ್ಲಿದೆ? ಆ ಮನೆತನದ ಶಾಪದ ಬಗ್ಗೆ ಮೇಳ ಹಾಡುತ್ತದೆ, ನಿಜ. ಆದರೆ ಈಡಿಪಸ್‌ನ ಕಥೆಯಲ್ಲಿರುವಂತೆ ಮೊದಲೇ ಹೇಳಿಟ್ಟ ಭವಿಷ್ಯ ಇಲ್ಲಿ ಯಾರ ಮೇಲೂ ಇಲ್ಲ. ಟೈರೀಸಿಯಸ್ ಹೇಳುವುದು ಕ್ರಿಯಾನ್ ಮಾಡಿದ ಕೆಲಸದ ಫಲ. ಇರುವುದು ಎರಡು ದಾರಿ, ಒಬ್ಬ ಮನುಷ್ಯ. ಯಾಕೆ ಹೆಣದ ಕಡೆ ಮೊದಲು ಹೋದ? ಸೋಫೋಕ್ಲಿಸ್ ಹೇಳುವುದಿಲ್ಲ. ನನ್ನ ಊಹೆ ಇಷ್ಟು: ಹದ್ದು ನಾಯಿಗಳಿಂದ ಬಲಿಪೀಠಗಳು ಮೈಲಿಗೆಯಾದವು ಎಂದು ಟೈರೀಸಿಯಸ್ ಹೇಳಿದ್ದ. ಕ್ರಿಯಾನ್‌ಗೆ ಊರೇ ಮೊದಲು, ಮನೆ ಆಮೇಲೆ. ತಪ್ಪು ತಿದ್ದಿಕೊಳ್ಳುವಾಗಲೂ ಅವನು ಅದೇ ಕ್ರಿಯಾನ್. ನೀವು ಬೇರೆ ಕಾರಣ ಹುಡುಕಬಹುದು, ನಾನು ಖುಷಿಯಿಂದ ಓದುತ್ತೇನೆ. ಪ್ರಶ್ನೆಯನ್ನೇ ಕೇಳಿಕೊಳ್ಳದೆ ‘ವಿಧಿ’ ಅಂದು ಕೈ ತೊಳೆದುಕೊಳ್ಳಬೇಡಿ.

ನಾಟಕ 1353 ಸಾಲು. ಅಂತಿಗೊನೆ 943ನೇ ಸಾಲಿಗೆ ಕೊನೆಯ ಮಾತಾಡಿ ಹೊರಟುಹೋಗುತ್ತಾಳೆ. ಆಮೇಲಿನ ನಾನೂರಕ್ಕೂ ಹೆಚ್ಚು ಸಾಲನ್ನು ನೀವು ಒಂದು ವಾಕ್ಯದಲ್ಲಿ ಮುಗಿಸಿದ್ದೀರಿ. ‘ಅಹಂಕಾರ’ ಮಾತ್ರ ಪುಟ ಪುಟದಲ್ಲೂ ಇದೆ.

ನಾನು ಕೆಲಸ ಕಲಿತದ್ದು ಒಂದು ಸಣ್ಣ ವಾರಪತ್ರಿಕೆಯಲ್ಲಿ. ಸಾಹಿತ್ಯ ಪುಟ ನೋಡುವ ಆಸೆ ಹೊತ್ತು ಹೋದವನನ್ನು ಹಿರಿಯ ಉಪಸಂಪಾದಕರು ಕೋರ್ಟು ವರದಿಗೆ ಹಾಕಿದರು. ಗದ್ದೆ ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು, ಇಂಥವೇ. ಯಾರದೋ ವರದಿಯಲ್ಲಿ ‘ದ್ವೇಷದಿಂದ’ ಅಂತ ಕಂಡರೆ ಸಾಕು, ಕೆಂಪು ಪೆನ್ನಲ್ಲಿ ಅಡ್ಡಗೆರೆ. ಪಕ್ಕದಲ್ಲಿ ಒಂದೇ ಪ್ರಶ್ನೆ: ‘ಯಾರು ಮೊದಲು ಎದ್ದರು?’ ಹೆಂಗಸು ಬಾಗಿಲು ಹಾಕಿದ್ದು ಕೂಗು ಕೇಳುವ ಮೊದಲಾ, ಆಮೇಲಾ ಅಂತ ಕೇಳಿಕೊಂಡು ಬರೋಕೆ ಮಳೆಯಲ್ಲಿ ವಾಪಸ್ ಕಳಿಸುತ್ತಿದ್ದರು. ಅವರು ಗ್ರೀಕ್ ನಾಟಕ ಓದಿದ್ದರೋ ಇಲ್ಲವೋ. ಕಾಫಿ ಮಾತ್ರ ವಿಪರೀತ ಕುಡಿಯುತ್ತಿದ್ದರು. ವರ್ಷಗಳ ಮೇಲೆ ಲಂಕೇಶರು ಕನ್ನಡಕ್ಕೆ ತಂದ ಅಂತಿಗೊನೆ ಓದುವಾಗ, ಇದನ್ನೆಲ್ಲ ಬಂದು ಹೇಳುವ ದೂತನ ಮಾತು ಬಂದ ಕಡೆ ನನ್ನ ಕೈ ತಾನಾಗಿ ಪೆನ್ಸಿಲ್ ಹುಡುಕಿತು. ಮೊದಲು ಹೆಣ, ಆಮೇಲೆ ಗುಹೆ. ಪುಟದ ಅಂಚಲ್ಲಿ ಒಂದು, ಎರಡು ಅಂತ ಗುರುತು ಹಾಕಿದ್ದು ಇನ್ನೂ ಇದೆ.

ಇಸ್ಮೀನಳನ್ನು ನೀವು “ಹೇಡಿ” ಅಂದದ್ದಕ್ಕೂ ನನ್ನ ತಕರಾರಿದೆ. ಸಿಕ್ಕಿಬಿದ್ದ ಮೇಲೆ, ನಾನೂ ಜೊತೆಗಿದ್ದೆ ಎಂದು ದೊರೆಯ ಮುಂದೆ ಸುಳ್ಳು ಹೇಳಿ ಸಾಯಲು ನಿಂತವಳು ಅವಳು. ಅದನ್ನು ಇಲ್ಲಿ ಎಳೆಯುವುದಿಲ್ಲ.

ಲೇಖನವನ್ನು ಸದ್ಯಕ್ಕೆ ಹಾಕುತ್ತಿಲ್ಲ. ಮೊದಲ ಆರು ಪುಟದ ಕಥಾಸಾರ ಕಿತ್ತುಹಾಕಿ. ಟೈರೀಸಿಯಸ್ ಬೆನ್ನು ತಿರುಗಿಸಿದಲ್ಲಿಂದ ಶುರು ಮಾಡಿ, ಕ್ರಿಯಾನ್ ಗುಹೆ ಮುಟ್ಟುವವರೆಗೆ ಮಾತ್ರ ಬರೆಯಿರಿ. ನಾಲ್ಕು ಪುಟ ಸಾಕು. ದೀಪಾವಳಿ ಸಂಚಿಕೆಗೆ ಜಾಗ ಇದೆ, ಅದಕ್ಕೆ ಮುಂಚೆ ಕಳಿಸಿ.