ನಿಮ್ಮ ಪ್ರಬಂಧಕ್ಕೆ ಬೀಗ ಹಾಕಬೇಡಿ, ಮೇಡಂ

ನಮಸ್ಕಾರ ಮೇಡಂ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಉಳಿದ ಓದುಗರಿಗೂ ವಿಷಯ ಗೊತ್ತಾಗಲಿ ಅಂತ ಇಲ್ಲಿ ಚುಟುಕಾಗಿ ಹೇಳುತ್ತೇನೆ. ನೀವು ಗೀಗೀ ಪದಗಳ ಮೇಲೆ ಪಿಎಚ್‌ಡಿ ಮಾಡಿದವರು. ಆ ವಿಷಯದ ಮೇಲೆ ಏನೇನು ಲೇಖನ ಬಂದಿದೆ ಅಂತ ಒಂದು ಎಐ ಚಾಟ್‌ಬಾಟ್ ಅನ್ನು ಕೇಳಿದಿರಿ. ಅದು ಐದು ಕೊಟ್ಟಿತು. ಮೂರು ಈ ಲೋಕದಲ್ಲೇ ಇಲ್ಲ. ಅದರಲ್ಲೊಂದು ನಿಮ್ಮ ಗೈಡ್ ಹೆಸರಲ್ಲಿತ್ತು, ಅವರು ಬರೆದೇ ಇಲ್ಲದ ಲೇಖನ. ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರ ಶೋಧಗಂಗಾದಲ್ಲಿರುವ ನಿಮ್ಮದೇ ಮಹಾಪ್ರಬಂಧದ ಸುಳಿವಿಲ್ಲ. "ಪುಕ್ಕಟೆ ಎಳೆದುಕೊಂಡು ಹೋಗಿ ಸುಳ್ಳು ಹೇಳುವ ಕಂಪನಿಗಳಿಗೆ ನಾವು ಯಾಕೆ ಬಾಗಿಲು ತೆಗೆದಿಡಬೇಕು, ಎಲ್ಲಾ ಮುಚ್ಚಿಡೋದೇ ವಾಸಿ ಅಲ್ವಾ?" ಅಂತ ಕೇಳಿದ್ದೀರಿ.

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಮುಚ್ಚಿಡೋದು ಬೇಡ.

ಮೊದಲು ಆ ಪಟ್ಟಿ ಎಲ್ಲಿಂದ ಬಂತು ನೋಡಿ. ಚಾಟ್‌ಬಾಟ್ ಒಂದು ಪದದ ಮುಂದೆ ಯಾವ ಪದ ಬರಬಹುದು ಅಂತ ಲೆಕ್ಕ ಹಾಕುತ್ತಾ ಹೋಗುತ್ತದೆ. ಜನಪದದ ಬಗ್ಗೆ ಬರೆಯುವವರ ಹೆಸರು, ಪತ್ರಿಕೆಯ ಹೆಸರು, ಇಸವಿ ಹೇಗೆ ಜೊತೆಯಾಗಿ ಬರುತ್ತವೆ ಅನ್ನೋದು ಅದಕ್ಕೆ ಗೊತ್ತು, ಹಾಗೇ ಜೋಡಿಸಿ ಕೊಡುತ್ತದೆ. ನೆಟ್‌ನಲ್ಲಿ ಹುಡುಕಿ ಉತ್ತರ ಹೇಳುವ ಎಐಗಳೂ ಈಗ ಇವೆ. ಆದರೆ ಹುಡುಕಿದರೆ ಸಿಗಬೇಕಲ್ಲ?

ನನ್ನದು ಅಲ್ಲೇ ಇದೆಯಲ್ಲ ಅಂತೀರಿ. ಇದೆ. ಮಹಾಪ್ರಬಂಧದ ಇ-ಪ್ರತಿ ಕೊಡಬೇಕು ಅಂತ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2009ರಲ್ಲಿ ನಿಯಮ ಮಾಡಿತು. ಹಾಗೆ ಬಂದವನ್ನು ಗಾಂಧಿನಗರದ ಯುಜಿಸಿ ಕೇಂದ್ರ ಇನ್‌ಫ್ಲಿಬ್‌ನೆಟ್ ಶೋಧಗಂಗಾದಲ್ಲಿ ಇಟ್ಟು ಯಾರು ಬೇಕಾದರೂ ಓದುವಂತೆ ಮಾಡಿದೆ. ನಾನು ನಿಮ್ಮ ಪ್ರಬಂಧವನ್ನು ಇಳಿಸಿಕೊಂಡೆ. ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ. ಒಂದು ಪ್ಯಾರಾ ಕಾಪಿ ಮಾಡಿ ಇಮೇಲ್‌ಗೆ ಹಾಕಿದರೆ ಒಂದಕ್ಷರ ಕನ್ನಡ ಇಲ್ಲ! ತಲೆ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು, ಕ ಇದ್ದ ಕಡೆ ಪಿ, ನ ಇದ್ದ ಕಡೆ ಪೌಂಡಿನ ಗುರುತು. ನೀವು 12 ವರ್ಷದ ಹಿಂದೆ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿಸಿದ್ದೀರಿ, ಆಗ ಬಹಳ ಮಂದಿ ಹಾಗೇ ಮಾಡಿಸುತ್ತಿದ್ದರು. ಆ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರುತ್ತಾರೆ. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಕಲಸುಮೇಲೋಗರ. ಅಂದರೆ ನಿಮ್ಮ ಪ್ರಬಂಧ ಈಗಲೇ ಮುಚ್ಚಿದ ಹಾಗೇ ಇದೆ ಮೇಡಂ. ಎಐಗೆ ಮಾತ್ರ ಅಲ್ಲ, "ಗೀಗೀ ಪದ" ಅಂತ ಹುಡುಕುವ ಯಾವ ಹುಡುಗಿಗೂ ಅದರ ಒಳಗಿನ ಒಂದು ಸಾಲು ಸಿಗುವುದಿಲ್ಲ.

ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳದ್ದೂ ಇದೇ ಪಾಡು. ಅವನ್ನು ಯುನಿಕೋಡ್‌ಗೆ (ಕಂಪ್ಯೂಟರಿಗೂ ಕನ್ನಡವಾಗಿಯೇ ತಿಳಿಯುವ ಅಕ್ಷರ ಸಂಕೇತಕ್ಕೆ) ತರಲು ಕೂತಾಗ ಗೊತ್ತಾಯಿತು, ಪರಿವರ್ತಕ ಓಡಿಸಿದರೆ ಹೆಚ್ಚಿನ ಕೆಲಸ ನಿಮಿಷದಲ್ಲಿ ಮುಗಿಯುತ್ತದೆ, ಉಳಿದ ಸ್ವಲ್ಪಕ್ಕೆ ವಾರಗಟ್ಟಲೆ ಬೇಕು. ಅರ್ಕಾವತ್ತು ತನ್ನ ಜಾಗ ಬಿಟ್ಟು ಪಕ್ಕದ ಅಕ್ಷರಕ್ಕೆ ಹೋಗಿ ಕೂತಿರುತ್ತದೆ. ಮೂಲ ಫೈಲೇ ಕಳೆದುಹೋದ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ಟೆಸರಾಕ್ಟ್‌ನಿಂದ ಓದಿಸಿದೆವು. ಅದು ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸುವ, ದುಡ್ಡಿಲ್ಲದೆ ಸಿಗುವ ಮುಕ್ತ ತಂತ್ರಾಂಶ, 2018ರ ಆವೃತ್ತಿಯಿಂದ ಅದರೊಳಗೂ ನ್ಯೂರಲ್ ನೆಟ್‌ವರ್ಕ್ ಇದೆ, ಅಂದರೆ ಅದೂ ಎಐ. ಕನ್ನಡ ಓದುತ್ತದೆ. ಮಾಸಿದ ಅಚ್ಚಿನಲ್ಲಿ ಮಾತ್ರ ದ-ಧ, ಪ-ಷ ಅದಲುಬದಲಾಗುತ್ತದೆ. ಕನ್ನಡ ಬಲ್ಲ ಒಬ್ಬರು ಸಾಲುಸಾಲು ನೋಡಲೇಬೇಕು.

ಇನ್ನು ಬೀಗದ ವಿಷಯ. ಸಂಶೋಧನಾ ಪತ್ರಿಕೆಗಳನ್ನು ತರುವ ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನದ ಒಡೆತನ ಇರುವ ಇನ್‌ಫಾರ್ಮಾ ಕಂಪನಿ 2024ರಲ್ಲಿ ತನ್ನ ವಿದ್ವತ್ ಬರಹಗಳನ್ನು ಎಐಗೆ ಬಳಸಿಕೊಳ್ಳಲು ಮೈಕ್ರೋಸಾಫ್ಟ್ ಜೊತೆ ಒಪ್ಪಂದ ಮಾಡಿಕೊಂಡಿತು. ಶುರುವಿನ ಮೊತ್ತವೇ 1 ಕೋಟಿ ಡಾಲರ್‌ಗಿಂತ ಜಾಸ್ತಿ. ಬರೆದವರಲ್ಲಿ ಎಷ್ಟೋ ಜನಕ್ಕೆ ಸುದ್ದಿ ಓದಿದ ಮೇಲೇ ಗೊತ್ತಾಗಿದ್ದು. ಆ ಪತ್ರಿಕೆಗಳಲ್ಲಿ ಬಹಳಷ್ಟು ದುಡ್ಡು ಕೊಟ್ಟೇ ಓದಬೇಕಾದವು. ಬೀಗ ಇತ್ತು, ಆದರೆ ಬೀಗದ ಕೈ ಬರೆದವರ ಹತ್ತಿರ ಇರಲಿಲ್ಲ.

ಇದಕ್ಕೆ ಉಲ್ಟಾ ಒಂದು ಸಂಗತಿ ಕೇಳಿ. ಅದೇ ಮೈಕ್ರೋಸಾಫ್ಟ್ ಸಂಶೋಧನಾ ಲೇಖನಗಳ ಒಂದು ದೊಡ್ಡ ಸೂಚಿ ನಡೆಸುತ್ತಿತ್ತು. 2021ರ ಕೊನೆಗೆ ಅದನ್ನು ನಿಲ್ಲಿಸಿತು. ಆದರೆ ಅದರ ಮಾಹಿತಿ ಮುಕ್ತ ಪರವಾನಗಿಯಲ್ಲಿ ಇದ್ದದ್ದರಿಂದ ಲಾಭಕ್ಕಾಗಿ ಅಲ್ಲದ ಒಂದು ಸಣ್ಣ ಸಂಸ್ಥೆ ಅದನ್ನೇ ಎತ್ತಿಕೊಂಡು 2022ರ ಜನವರಿಯಲ್ಲಿ ಓಪನ್‌ಅಲೆಕ್ಸ್ ಅಂತ ಶುರು ಮಾಡಿತು, ಇವತ್ತು ಯಾರು ಬೇಕಾದರೂ ಬಳಸಬಹುದು. ನನಗೆ ಭರವಸೆ ಇರುವುದು ಇಂಥದ್ದರಲ್ಲಿ. ಕೇಂದ್ರ ಸರ್ಕಾರ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಅಂತ 30 ಪ್ರಕಾಶಕರ ಸುಮಾರು 13,000 ಸಂಶೋಧನಾ ಪತ್ರಿಕೆಗಳ ಚಂದಾಕ್ಕೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದೆ. ಸಣ್ಣ ಊರಿನ ಸರ್ಕಾರಿ ಕಾಲೇಜಿಗೂ ಸಿಗುತ್ತದೆ, ಒಳ್ಳೆಯದೇ. ಅದರಲ್ಲಿ ಒಂದು ಚೂರನ್ನು ನಮ್ಮ ಭಾಷೆಗಳ ಪ್ರಬಂಧಗಳನ್ನು ಯುನಿಕೋಡ್‌ಗೆ ತರಲು ಕೊಟ್ಟಿದ್ದರೆ ಎಷ್ಟು ಕೆಲಸ ಆಗುತ್ತಿತ್ತು.

ನಿಮ್ಮ ಒಂದು ಮಾತು ಪೂರ್ತಿ ಸರಿ. ಎಐ ಕಂಪನಿಗಳ ಬಾಟ್‌ಗಳು (ತಾವಾಗಿಯೇ ಮಾಹಿತಿ ಎಳೆದುಕೊಳ್ಳುವ ತಂತ್ರಾಂಶಗಳು) ಮುಕ್ತ ತಾಣಗಳ ಮೇಲೆ ಒಂದೇ ಸಮ ಮುಗಿಬೀಳುತ್ತಿವೆ. 2024ರ ಜನವರಿಯಿಂದ ಈಚೆಗೆ ಚಿತ್ರ, ವಿಡಿಯೋ ಇಳಿಸಿಕೊಳ್ಳುವ ಹೊರೆ ಶೇ 50 ಏರಿದೆ ಅಂತ ವಿಕಿಪೀಡಿಯ ನಡೆಸುವ ವಿಕಿಮೀಡಿಯಾದಂಥ ದೊಡ್ಡ ಸಂಸ್ಥೆಯೇ 2025ರಲ್ಲಿ ಹೇಳಿತು. ಸಣ್ಣ ವಿಶ್ವವಿದ್ಯಾಲಯದ ಸರ್ವರ್ ಇದನ್ನು ಹೇಗೆ ತಡೆದೀತು? ಆ ಖರ್ಚನ್ನು ಕಂಪನಿಗಳೇ ಕೊಡಬೇಕು, ಜೋರಾಗಿಯೇ ಕೇಳೋಣ.

ಮುಂದಿನ ಸಲ ಎಐ ಉಲ್ಲೇಖ ಕೊಟ್ಟರೆ ಡಿಒಐ ಸಂಖ್ಯೆ (ಒಂದೊಂದು ಲೇಖನಕ್ಕೂ ಕೊಡುವ ಆನ್‌ಲೈನ್ ಗುರುತು ಸಂಖ್ಯೆ) ಹಾಕಿ ತೆರೆದು ನೋಡಿ. ತೆರೆಯದಿದ್ದರೆ, ಅಥವಾ ಬೇರೆಯೇ ಲೇಖನ ತೆರೆದರೆ, ನಂಬಬೇಡಿ. ಕನ್ನಡದ ಎಷ್ಟೋ ಪತ್ರಿಕೆಗಳಿಗೆ ಆ ಸಂಖ್ಯೆಯೇ ಇಲ್ಲ, ನಮ್ಮದಕ್ಕೂ ಇಲ್ಲ. ಅಲ್ಲಿ ಗ್ರಂಥಾಲಯಕ್ಕೆ ಹೋಗಿ ಸಂಚಿಕೆ ತೆಗೆಸಿ ನೋಡುವುದೇ ದಾರಿ.

ಪ್ರಬಂಧದ ಮೂಲ ಫೈಲ್ ಟೈಪ್ ಮಾಡಿದವರ ಹತ್ತಿರವೋ, ಮನೆಯ ಯಾವುದೋ ಹಳೆಯ ಸಿಡಿಯಲ್ಲೋ ಇರುತ್ತದೆ, ಹುಡುಕಿ. ಪಿಡಿಎಫ್ ಬೇಡ, ವರ್ಡ್ ಫೈಲ್ ಕಳಿಸಿ. ಮೊದಲ ಅಧ್ಯಾಯವನ್ನು ನಾವೇ ಯುನಿಕೋಡ್ ಮಾಡಿ ಕೊಡುತ್ತೇವೆ. ಅರ್ಕಾವತ್ತು ಮಾತ್ರ ನೀವೇ ಒಮ್ಮೆ ನೋಡಿಬಿಡಿ. ಹಾಡಿನ ಸಾಲುಗಳಲ್ಲಿ ಯಾವುದು ತಪ್ಪು, ಯಾವುದು ಹಾಡುವವರ ಉಚ್ಚಾರ ಅನ್ನೋದು ನಿಮಗೇ ಗೊತ್ತು.

— ಸಂಪಾದಕ