ಬಿಡಿ ಪ್ರತಿಯೋ, ಚಂದಾವೋ?

ವಿದ್ಯಾರಣ್ಯಪುರದ ಓದುಗರೊಬ್ಬರ ಪತ್ರದ ಸಾರ: ಅವರು ನಿವೃತ್ತ ಕನ್ನಡ ಶಿಕ್ಷಕಿ. ಮಗಳ ನೆರವಿನಿಂದ ಎರಡು ಕೆಲಸ ಕೈಗೆತ್ತಿಕೊಂಡಿದ್ದಾರೆ. ಒಂದು, ಹೊರರಾಜ್ಯಗಳಿಂದ ಬಂದು ವೈಟ್‌ಫೀಲ್ಡ್, ಬೆಳ್ಳಂದೂರಿನ ಕಡೆ ನೆಲೆಸಿರುವವರಿಗೆ ಆಡುಮಾತಿನ ಕನ್ನಡ ಕಲಿಸುವ 40 ವಿಡಿಯೊ ಪಾಠಗಳು. ಇನ್ನೊಂದು, ಮಕ್ಕಳಿಗಾಗಿ ವಾರಕ್ಕೊಂದು ಕಥೆಯ ಧ್ವನಿಮುದ್ರಣ. ಎರಡನ್ನೂ ಸೇರಿಸಿ ತಿಂಗಳಿಗೆ 99 ರೂಪಾಯಿ ಚಂದಾ ಇಡೋಣ ಎಂದು ಮಗಳು. ಒಮ್ಮೆ 1,999 ಕಟ್ಟಿದರೆ ಎಲ್ಲವೂ ಜೀವನಪರ್ಯಂತ ಎಂದು ಅಳಿಯ. ‘ನನಗೋ ಪುಕ್ಕಟೆ ಕೊಟ್ಟುಬಿಡೋಣ ಅನ್ನಿಸುತ್ತದೆ. ಅದಿರಲಿ, ನಿಮ್ಮ ದೀಪಾವಳಿ ವಿಶೇಷಾಂಕವೊಂದನ್ನು ಮೊಬೈಲ್‌ನಲ್ಲಿ ಓದಲು ಇಡೀ ವರ್ಷದ ಚಂದಾ ಕಟ್ಟಬೇಕಾಯಿತಲ್ಲ, ಅದೇಕೆ?’ ಎಂದು ಪತ್ರ ಮುಗಿಸಿದ್ದಾರೆ.

ಮಾನ್ಯರೇ,

ಚುಚ್ಚಿದ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ. ಗಾಂಧಿ ಬಜಾರಿನ ಅಂಗಡಿಯಲ್ಲಿ ನಮ್ಮ ವಿಶೇಷಾಂಕವನ್ನು ಯಾರು ಬೇಕಾದರೂ ಬಿಡಿಯಾಗಿ ಕೊಳ್ಳಬಹುದು. ವರ್ಷವಿಡೀ ಕೊಳ್ಳುತ್ತೇನೆಂದು ಬರೆದುಕೊಡಿ ಎಂದು ಅಂಗಡಿಯವರು ಯಾರನ್ನೂ ಕೇಳುವುದಿಲ್ಲ. ಮೊಬೈಲ್ ಆವೃತ್ತಿ ಮಾಡುವಾಗ ನಮಗೆ ದುರಾಸೆ ಹುಟ್ಟಿತು. ವರ್ಷದ ಹಣ ಮುಂಗಡವಾಗಿ ಕೈಸೇರಿದರೆ ಕಾಗದದವರ ಬಾಕಿಯಾದರೂ ತೀರುತ್ತದೆ ಎಂದು ಲೆಕ್ಕ ಹಾಕಿದೆವು. ದೀಪಾವಳಿಗೊಮ್ಮೆ ಬರುವ ಓದುಗರು ಬೇರೆ, ವಾರವಾರವೂ ಕಾಯುವವರು ಬೇರೆ ಎಂಬುದು ಅಂಗಡಿಯವರಿಗೆ ಗೊತ್ತಿತ್ತು, ನಮಗೆ ಮರೆತಿತ್ತು. ಬರುವ ದೀಪಾವಳಿಯಿಂದ ಮೊಬೈಲ್‌ನಲ್ಲೂ ಬಿಡಿ ಸಂಚಿಕೆ ಸಿಗುತ್ತದೆ.

ನಿಮ್ಮ ಮನೆಯ ಜಗಳವೂ ಸುತ್ತಿ ಬಳಸಿ ಇಲ್ಲಿಗೇ ಬರುತ್ತದೆ. ಮಗಳು, ಅಳಿಯ ಇಬ್ಬರೂ ಎಷ್ಟು ರೂಪಾಯಿ ಎಂಬಲ್ಲಿಂದ ಹೊರಟಿದ್ದಾರೆ. ಕೊಳ್ಳುವವರು ನಿಮ್ಮ ಬಾಗಿಲಿಗೆ ಎಷ್ಟು ಸಲ ಬರುತ್ತಾರೆ ಎಂಬಲ್ಲಿಂದ ಹೊರಡಬೇಕಿತ್ತು. ಬಿಎಂಟಿಸಿಯ ಪಾಸನ್ನೇ ನೋಡಿ. 2025ರ ಜನವರಿಯಲ್ಲಿ ದರ ಏರಿದಾಗ ಸಾಮಾನ್ಯ ಬಸ್ಸಿನ ದಿನದ ಪಾಸು 80 ರೂಪಾಯಿ, ತಿಂಗಳ ಪಾಸು 1,200 ರೂಪಾಯಿ ಆಯಿತು. ಭಾಗಿಸಿದರೆ ಹದಿನೈದು ದಿನ. ದಿನವೂ ಕೆಲಸಕ್ಕೆ ಹೋಗುವವರು ಕಣ್ಣುಮುಚ್ಚಿ ತಿಂಗಳ ಪಾಸು ಕೊಳ್ಳುತ್ತಾರೆ. ವಾರಕ್ಕೆ ಮೂರು ದಿನ ಮಾತ್ರ ಕಚೇರಿಗೆ ಹೋಗಿ ಉಳಿದ ದಿನ ಮನೆಯಿಂದಲೇ ಕೆಲಸ ಮಾಡುವ ಹುಡುಗನಿಗೆ ತಿಂಗಳಿಗೆ ಸರಾಸರಿ ಹದಿಮೂರು ದಿನದ ಓಡಾಟ, 1,040 ರೂಪಾಯಿ. ಅವನು ದಿನದ ಪಾಸು ಬಿಟ್ಟು ಬೇರೆ ಕೊಳ್ಳುವುದಿಲ್ಲ. ವರ್ಷಕ್ಕೊಮ್ಮೆ ಕಡಲೆಕಾಯಿ ಪರಿಷೆಗೆ ಬರುವವರಿಗೆ ಟಿಕೆಟ್ಟೇ ಸಾಕು. ಬಸ್ಸು ಒಂದೇ, ಸೀಟೂ ಅದೇ.

ನಿಮ್ಮ 40 ಪಾಠಗಳು ಮುಗಿಯುವ ಸರಕು. ಕಲಿಯುವವರು ಒಮ್ಮೆ ಬರುತ್ತಾರೆ, ‘ಸ್ವಲ್ಪ ಮುಂದೆ ನಿಲ್ಲಿಸಿ’ ಎಂದು ಆಟೊದವರಿಗೆ ಹೇಳುವಷ್ಟು ಕಲಿತು ಹೊರಡುತ್ತಾರೆ, ಹೊರಡಲೇಬೇಕು. ಇದಕ್ಕೆ ತಿಂಗಳ ಚಂದಾ ಇಟ್ಟರೆ ಏನಾಗುತ್ತದೆ? ಶ್ರದ್ಧೆಯಿಂದ ಎರಡೇ ತಿಂಗಳಲ್ಲಿ ಕಲಿತವರು 198 ರೂಪಾಯಿ ಕೊಟ್ಟು ಹೋಗುತ್ತಾರೆ. ಮೂರನೇ ಪಾಠಕ್ಕೇ ಬಿಟ್ಟು, ಚಂದಾ ರದ್ದು ಮಾಡುವುದನ್ನೂ ಮರೆತವರು ವರ್ಷಕ್ಕೆ 1,188 ಕೊಡುತ್ತಾರೆ. ಒಳ್ಳೆಯ ವಿದ್ಯಾರ್ಥಿಯಿಂದ ನಷ್ಟ, ಮರೆಗುಳಿಯಿಂದ ಲಾಭ. ಮೂವತ್ತು ವರ್ಷ ಪಾಠ ಹೇಳಿದವರಿಗೆ ಇಂಥ ವ್ಯಾಪಾರದಲ್ಲಿ ನಿದ್ದೆ ಬರುವುದೇ? ಪಾಠಗಳಿಗೆ ಒಂದೇ ಕಂತಿನ ಬೆಲೆ ಇಡಿ. ಅಳಿಯಂದಿರ 1,999 ಅಲ್ಲಿಗೆ ಒಪ್ಪುತ್ತದೆ. ಚೌಕಾಸಿ ಮಾಡಿದವರಿಗೆಲ್ಲ ಇಳಿಸುತ್ತ ಹೋಗಬೇಡಿ. ಬೆಲೆ ಇಳಿದರೆ ಸರಕೂ ಇಳಿಯಬೇಕು. ನೆಟ್‌ಫ್ಲಿಕ್ಸ್ 2016ರಲ್ಲಿ ಭಾರತಕ್ಕೆ ಬಂದಾಗ ತಿಂಗಳಿಗೆ 500 ರೂಪಾಯಿಯಿಂದ ಶುರು ಮಾಡಿತು. 2019ರಲ್ಲಿ 199ರ ಅಗ್ಗದ ದರ ತಂದಿತು, ಆದರೆ ಅದರಲ್ಲಿ ನೋಡಲು ಸಿಗುವುದು ಮೊಬೈಲ್, ಟ್ಯಾಬ್ಲೆಟ್ ಪರದೆಯಲ್ಲಷ್ಟೇ. ನೀವೂ ಬರಿಯ ವಿಡಿಯೊಗಳಿಗೆ ಒಂದು ದರ, ಶನಿವಾರ ನಿಮ್ಮೊಡನೆ ಮುಖಾಮುಖಿ ಮಾತಾಡುವ ಅಭ್ಯಾಸ ಸೇರಿದರೆ ಇನ್ನೊಂದು ದರ ಇಡಬಹುದು. ಕಂಪನಿಗಳು ಸಿಬ್ಬಂದಿಗಾಗಿ ಕೇಳಿದರೆ ತಲೆಗಿಷ್ಟು ಎಂದು ಹೇಳಿ, ಅಳುಕದೆ ಹೇಳಿ.

ಕಥೆಗಳ ಮಾತು ಬೇರೆ. ಮಗು ರಾತ್ರಿ ಮಲಗುವಾಗಲೆಲ್ಲ ಬರುತ್ತದೆ, ವಾರವಾದರೆ ಹೊಸ ಕಥೆ ಕೇಳುತ್ತದೆ. ಅಲ್ಲಿ ಚಂದಾ ಸರಿ. ಕಂತಿನ ಹಣ ಖಾತೆಯಿಂದ ತಾನಾಗಿಯೇ ಕಡಿತವಾಗುವ ಯುಪಿಐ ಆಟೊಪೇ ಇರುವುದರಿಂದ ವಸೂಲಿಗೆ ಅಲೆಯಬೇಕಿಲ್ಲ. 15,000 ರೂಪಾಯಿವರೆಗಿನ ಕಂತಿಗೆ ಪ್ರತಿ ಸಲ ಪಿನ್ ಒತ್ತುವ ಅಗತ್ಯವಿಲ್ಲ. ಆದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಹಣ ಕಡಿತವಾಗುವ 24 ಗಂಟೆ ಮೊದಲೇ ಗ್ರಾಹಕರಿಗೆ ಸಂದೇಶ ಹೋಗಬೇಕು. ತಿಂಗಳ ಚಂದಾ ಎಂದರೆ ವರ್ಷಕ್ಕೆ ಹನ್ನೆರಡು ಸಲ ‘ಇನ್ನೂ ಬೇಕೇ?’ ಎಂದು ನೀವೇ ಕೇಳಿದ ಹಾಗೆ. ಕಥೆ ಚೆನ್ನಾಗಿದ್ದರೆ ಹೆದರಬೇಕಿಲ್ಲ. ವರ್ಷಕ್ಕೊಮ್ಮೆ ಕಟ್ಟುವವರಿಗೆ ಎರಡು ತಿಂಗಳ ಹಣ ಬಿಟ್ಟುಕೊಡಿ, 990 ಸಾಕು. ಗೂಗಲ್ ಪ್ಲೇ ಮೂಲಕ ಚಂದಾ ಪಡೆದರೆ ಅವರ ಪಾಲು ಶೇ 15, ನಿಮ್ಮ 99ರಲ್ಲಿ 15 ರೂಪಾಯಿ ಅಲ್ಲೇ ಉದುರುತ್ತದೆ ಎಂಬುದು ಲೆಕ್ಕದಲ್ಲಿರಲಿ. ವರ್ಷದ ವಹಿವಾಟು 20 ಲಕ್ಷ ದಾಟಿದ ಮೇಲೆ ಜಿಎಸ್‌ಟಿ. ಆ ಚಿಂತೆ ಬಂದ ದಿನ ನನಗೊಂದು ಪೇಡಾ ಕಳುಹಿಸಿ.

ಇನ್ನು ‘ಎಲ್ಲವೂ ಜೀವನಪರ್ಯಂತ’. ಇದಕ್ಕೆ ನಮ್ಮ ಕಚೇರಿಯ ಬೀರುವಿನಲ್ಲೊಂದು ಉತ್ತರವಿದೆ. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಲೆಡ್ಜರ್, ಮೇಲೆ ‘ಆಜೀವ ಚಂದಾದಾರರು’ ಎಂದು ಬರೆದ ಚೀಟಿ. 1994ರಲ್ಲಿ ತಲಾ 500 ರೂಪಾಯಿ ಪಡೆದು ಬರೆದುಕೊಂಡ ಹೆಸರುಗಳು. ಹಣ ಅದೇ ವರ್ಷ ಮುದ್ರಣ ಯಂತ್ರದ ಸಾಲಕ್ಕೆ ಹೋಯಿತು, ಹೆಸರುಗಳು ಉಳಿದವು. ಒಂದು ಸಾಲಿನಲ್ಲಿ ಚಾಮರಾಜಪೇಟೆ ಎಂಬುದನ್ನು ಹೊಡೆದು ಬನಶಂಕರಿ ಎಂದು, ಅದನ್ನೂ ಹೊಡೆದು ಮಗನ ಮನೆ, ಎಚ್‌ಎಸ್‌ಆರ್ ಬಡಾವಣೆ ಎಂದು ಬರೆದಿದೆ. ಮೂರೂ ಬೇರೆ ಬೇರೆ ಗುಮಾಸ್ತರ ಅಕ್ಷರ. ಇವತ್ತಿಗೂ ಪ್ರತಿ ವಾರ ಆ ವಿಳಾಸಕ್ಕೆ ಪತ್ರಿಕೆ ಹೋಗುತ್ತದೆ. ಕೆಲವರು ತೀರಿಕೊಂಡಿದ್ದಾರೆ. ಮನೆಯವರು ‘ಅಪ್ಪನ ಹೆಸರಿಗೇ ಬರುತ್ತಿರಲಿ’ ಎಂದು ಬರೆದಾಗ ನಿಲ್ಲಿಸಲು ಮನಸ್ಸಾಗಲಿಲ್ಲ. ಆಜೀವ ಎಂದರೆ ಯಾರ ಜೀವ, ಚಂದಾದಾರರದೋ ಪತ್ರಿಕೆಯದೋ ಎಂದು ನಮ್ಮ ವ್ಯವಸ್ಥಾಪಕರು ಅಂಚೆಯ ಲೆಕ್ಕ ಬರೆಯುವಾಗಲೆಲ್ಲ ಗೊಣಗುತ್ತಾರೆ. ಮುಗಿದ 40 ಪಾಠಗಳನ್ನು ಎಷ್ಟು ವರ್ಷ ಬೇಕಾದರೂ ನೋಡಲಿ, ನಿಮ್ಮ ಗಂಟಲು ನೋಯುವುದಿಲ್ಲ. ಹುಟ್ಟಬೇಕಾದ ಕಥೆಗಳನ್ನು ಮಾತ್ರ ಇಡೀ ಆಯುಷ್ಯಕ್ಕೆ ಮುಂಗಡ ಮಾರಬೇಡಿ.

ಪುಕ್ಕಟೆಯ ಬಗ್ಗೆ ಎರಡೇ ಮಾತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಟಿಕೆಟ್ ಶೂನ್ಯ ದರದ್ದಾದರೂ ಅದರ ಹಣವನ್ನು ಸರ್ಕಾರ ತುಂಬಿಕೊಡುತ್ತದೆ. ನಿಮ್ಮ ಕಥೆಗೆ ಯಾರು ತುಂಬಿಕೊಡುತ್ತಾರೆ? ಜಾಹೀರಾತಿನವರು ತುಂಬಬಹುದು, ಆದರೆ ಅಜ್ಜಿ ಕಥೆಯ ನಡುವೆ ಬಿಸ್ಕತ್ತಿನ ಜಾಹೀರಾತು ನನಗಂತೂ ಬೇಡ. ಮೊದಲ ನಾಲ್ಕು ಕಥೆ, ಮೊದಲ ಮೂರು ಪಾಠ ಎಲ್ಲರಿಗೂ ತೆರೆದಿಡಿ.

ನಿಮ್ಮ ಚಂದಾದಿಂದ ವಿಶೇಷಾಂಕದ ಬೆಲೆ ಕಳೆದು ಉಳಿದ ಹಣವನ್ನು ಮರಳಿಸಲು ವ್ಯವಸ್ಥಾಪಕರಿಗೆ ತಿಳಿಸಿದ್ದೇನೆ. ಪತ್ರಿಕೆ ವಾರವಾರ ಬೇಕೆನಿಸಿದರೆ ಒಂದು ಸಾಲು ಬರೆಯಿರಿ. ಬರೆಯದಿದ್ದರೆ ಹಣ ನಿಮ್ಮ ಖಾತೆಗೆ ಬರುತ್ತದೆ.

— ಸಂ.